ಬದುಕಿದ್ದವರ ಪಟಕ್ಕೆ ಬಿದ್ದ ಹಾರ

ಎರಡು ವರ್ಷದ ಹಿಂದಿನ ಮಾತು. ಮೈಸೂರಿನ ಒಂದು ಮಕ್ಕಳ ಪುಸ್ತಕ ಪ್ರಕಾಶನದಲ್ಲಿ ಆರ್ಟ್ ಎಡಿಟರ್ ಆಗಿ ಬಹುಕಾಲ ದುಡಿದು ಆಗಷ್ಟೇ ನಿವೃತ್ತಳಾಗಿದ್ದೆ. ಬನ್ನಿಮಂಟಪದ ಮನೆಯಲ್ಲಿ ಇನ್ನಾದರೂ ಕಾಲು ಚಾಚಿ ಕೂರೋಣ ಎಂದುಕೊಳ್ಳುವಷ್ಟರಲ್ಲಿ ಊರಿನ ಒಂದು ಟ್ರಸ್ಟಿನವರು ಮನೆಗೆ ಬಂದರು. ವರ್ಷಕ್ಕೊಮ್ಮೆ ಹೊಸ ಇಲಸ್ಟ್ರೇಟರ್‌ಗಳ ಪ್ರದರ್ಶನ ಮಾಡಬೇಕೆಂದಿದ್ದೇವೆ, ಆಯ್ಕೆಯ ಹೊಣೆ ನಿಮ್ಮದು, ಜೊತೆಗೆ ಪ್ರತಿ ವರ್ಷ ಒಬ್ಬರ ಚಿತ್ರಗಳನ್ನು ಪುಸ್ತಕವಾಗಿಯೂ ತರೋಣ ಎಂದರು. ನಾನು ಹುಟ್ಟಾ ಅಂಜುಬುರುಕಿ. ಕೆಲಸದಲ್ಲಿದ್ದಾಗ ಅಚ್ಚಿಗೆ ಹೋದ ಪುಸ್ತಕ ಕೈಗೆ ಬರುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಹಾಗಿದ್ದೂ ಹೂಂ ಎಂದುಬಿಟ್ಟೆ, ಏಕೆಂದರೆ ಹೊಸದೊಂದು ಕೈ ಕಂಡರೆ ಸುಮ್ಮನಿರಲಾಗದ ಚಾಳಿಯೂ ನನಗೆ ಹುಟ್ಟಿನಿಂದಲೇ ಬಂದದ್ದು.

ಇಲಸ್ಟ್ರೇಟರ್ ಎಂದರೆ ಯಾರು ಎಂದು ಜನ ಕೇಳುತ್ತಾರೆ. ಗೋಡೆಗೆ ತೂಗುಹಾಕಲೆಂದು ಚಿತ್ರ ಬರೆಯುವವರು ಪೇಂಟರ್. ಒಂದು ಕಥೆಗೋ, ಪಾಠಕ್ಕೋ, ಊರಿನ ಒಂದು ಸಂಗತಿಗೋ ಜೊತೆಯಾಗಿ ನಿಲ್ಲುವಂತೆ ಬರೆಯುವವರು ಇಲಸ್ಟ್ರೇಟರ್. ಇವರು ಗ್ಯಾಲರಿಗಳಲ್ಲಿ ಸಿಗುವುದು ಕಡಿಮೆ. ಮದುವೆ ಕಾರ್ಡಿನ ಮೂಲೆಯಲ್ಲಿ, ಹೋಟೆಲಿನ ಮೆನುವಿನಲ್ಲಿ, ಬಯಾಲಜಿ ಗೈಡಿನ ಕಪ್ಪೆಯ ಹೊಟ್ಟೆಯೊಳಗೆ ಸಿಗುತ್ತಾರೆ. ಹೆಸರು ಎಲ್ಲೂ ಇರುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಹಾಗೆ ಹುಡುಕಿದವರಲ್ಲಿ ಆ ವರ್ಷ ಐದು ಜನ ಸೇರಿದರು. ಒಬ್ಬರು ಹೂವಿನ ಒಳಭಾಗಗಳನ್ನು ಪಠ್ಯಪುಸ್ತಕಕ್ಕೆ ಬರೆಯುವವರು, ಒಬ್ಬ ಸಿಟಿ ಬಸ್ಸಿನ ಕಂಡಕ್ಟರನ ದಿನಚರಿಯನ್ನು ಕಾಮಿಕ್ಸ್ ಮಾಡಿ ಫೋನಿನಲ್ಲಿ ಹಂಚುವವನು, ಒಬ್ಬಾಕೆ ಅಡುಗೆಮನೆಯ ಪಾತ್ರೆಗಳನ್ನೇ ಪಾತ್ರಧಾರಿಗಳನ್ನಾಗಿ ಮಾಡಿ ಮಕ್ಕಳಿಗೆ ಕಥೆ ಕಟ್ಟುವವರು, ಒಬ್ಬ ಊರಿನ ಮರಗಳನ್ನಷ್ಟೇ ಬರೆಯುವವನು. ಐದನೆಯವಳು ರಕ್ಷಿತಾ.

ರಕ್ಷಿತಾ ನಮ್ಮ ಮನೆಯ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸಕ್ಕಿದ್ದಳು. ಅವಳ ಅಪ್ಪ-ಅಮ್ಮ ವರುಣಾದ ಕಡೆಯ ರೈತರು, ಮೈಸೂರಿಗೆ ಬಂದು ನೆಲೆಸಿದವರು. ಚರ್ಚಿನ ಹಬ್ಬಕ್ಕೆ ಬ್ಯಾನರ್ ಮಾಡಿಸಲು ಹೋದಾಗ, ಕೆಟ್ಟುಹೋದ ಪ್ರಿಂಟುಗಳ ಹಿಂಬದಿಯಲ್ಲಿ ಅವಳು ಬರೆದಿಟ್ಟಿದ್ದ ಚಿತ್ರಗಳು ನನ್ನ ಕಣ್ಣಿಗೆ ಬಿದ್ದವು. ಎಲ್ಲವೂ ಅಂಗಡಿಗಳ ಗೋಡೆಗಳು. ದೇವರಾಜ ಮೊಹಲ್ಲಾದ ಹಳೆಯ ಅಂಗಡಿಗಳ ಒಳಗೋಡೆಯಲ್ಲಿ ಏನೇನಿರುತ್ತದೋ, ಕ್ಯಾಲೆಂಡರು, ದೇವರ ಪಟ, ಮಸಿ ಹಿಡಿದ ಸ್ವಿಚ್ ಬೋರ್ಡು, ಮೊಳೆಗೆ ಸಿಕ್ಕಿಸಿದ ಬಿಲ್ಲುಗಳು, ಎಲ್ಲವನ್ನೂ ಬರೆದಿದ್ದಳು. ಮನುಷ್ಯರು ಮಾತ್ರ ಇರಲಿಲ್ಲ. ಗೋಡೆ ನೋಡಿದರೇ ಅಂಗಡಿಯವರು ಎಂಥವರೆಂದು ಗೊತ್ತಾಗುತ್ತದೆ ಮೇಡಂ ಎಂದಳು. ಆ ಮಾತಿಗೆ ನಾನು ಸೋತೆ. ಮೊದಲ ವರ್ಷದ ಪುಸ್ತಕ ಅವಳದೇ ಎಂದು ಅಲ್ಲೇ ಗೊತ್ತುಮಾಡಿದೆ.

ಪುಸ್ತಕದ ನಡುಪುಟಕ್ಕೆ ಒಂದು ತಕ್ಕಡಿ ಅಂಗಡಿಯ ಚಿತ್ರ ಬಂತು. ಮಾರುಕಟ್ಟೆಯ ವ್ಯಾಪಾರಿಗಳ ತಕ್ಕಡಿ ರಿಪೇರಿ ಮಾಡಿ, ತೂಕದ ಬಟ್ಟುಗಳನ್ನು ಸರಿಪಡಿಸಿ ಕೊಡುವ ಅಂಗಡಿ ಅದು. ಅಂಗಡಿ ಶುರು ಮಾಡಿದವರು ಚಿಕ್ಕಣ್ಣನವರು, ಈಗ ನೋಡಿಕೊಳ್ಳುವವನು ಮಗ ಮಹದೇವು. ಚಿತ್ರದಲ್ಲಿ ಗೋಡೆ ತುಂಬ ಹಿತ್ತಾಳೆ ತಟ್ಟೆಗಳು, ಸರಪಣಿಗಳು, ಅವುಗಳ ನೆತ್ತಿಯ ಮೇಲೆ ಪೇಟ ತೊಟ್ಟ ಚಿಕ್ಕಣ್ಣನವರ ಫೋಟೊ. ಫೋಟೊಗೆ ಗಂಧದ ಚಕ್ಕೆಯ ಹಾರ, ಕೆಳಗೆ ಒಂದು ಸಣ್ಣ ಕೆಂಪು ಬಲ್ಬು. ಆ ಬಲ್ಬಿನ ಬೆಳಕು ತಟ್ಟೆಯೊಂದರ ಅಂಚಿಗೆ ತಾಗಿ ಹೊಳೆಯುವುದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಳೆಂದರೆ, ಟ್ರಸ್ಟಿನವರು ಆಹ್ವಾನ ಪತ್ರಿಕೆಗೂ ಅದೇ ಚಿತ್ರ ಇರಲಿ ಎಂದರು. ಮುನ್ನೂರು ಪುಸ್ತಕ ಅಚ್ಚಾಯಿತು, ಆಹ್ವಾನ ಪತ್ರಿಕೆಗಳು ಹೊರಟವು, ಅದೇ ಚಿತ್ರ ವಾಟ್ಸ್ಯಾಪಿನಲ್ಲೂ ಊರು ಸುತ್ತಿತು.

ಪ್ರದರ್ಶನ ಭಾನುವಾರಕ್ಕಿತ್ತು. ಗುರುವಾರ ಬೆಳಗ್ಗೆ ಪ್ರದರ್ಶನದ ಹಾಲ್‌ನಲ್ಲಿ ಚಿತ್ರಗಳನ್ನು ತೂಗುಹಾಕಿಸುತ್ತಿದ್ದೆವು. ಮಹದೇವು ಆಹ್ವಾನ ಪತ್ರಿಕೆ ಹಿಡಿದು ಒಳಗೆ ಬಂದ. ಹೊಗಳಲು ಬಂದಿದ್ದಾನೆಂದು ರಕ್ಷಿತಾ ನಗುತ್ತಾ ಎದುರು ಹೋದಳು. ಅವನು ಅವಳನ್ನೂ ಗೋಡೆಯ ಮೇಲಿನ ಚಿತ್ರವನ್ನೂ ನೋಡಿ, ದನಿ ಏರಿಸದೆ ಹೇಳಿದ.

“ಎಲ್ಲಾ ಚೆನ್ನಾಗದೆ ಕಣಮ್ಮ. ಆದ್ರೆ ನಮ್ಮಪ್ಪ ಬದುಕವ್ರೆ.”

ಹಾರ ಹಾಕಿದ ಫೋಟೊ ಎಂದರೆ ನಮ್ಮಲ್ಲಿ ಏನರ್ಥವೆಂದು ಹಸುಗೂಸಿಗೂ ಗೊತ್ತು. ರಕ್ಷಿತಾ ಅಂಗಡಿಗೆ ಹೋದದ್ದು ಆಯುಧಪೂಜೆಯ ದಿನ. ಅವತ್ತು ಗೋಡೆಯ ಮೇಲೆಲ್ಲ ಹೂವಿತ್ತು, ತಕ್ಕಡಿಗೆ, ಬಾಗಿಲಿಗೆ, ಒಳಗೆ ನಿಲ್ಲಿಸಿದ ಸ್ಕೂಟರಿಗೆ, ಫೋಟೊಗೂ. ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬಂದು, ಮಾಮೂಲಿ ದಿನದ ಗೋಡೆ ಬೇಕೆಂದು ಹಬ್ಬದ ಹೂವನ್ನೆಲ್ಲ ಬಿಟ್ಟು ಬರೆದಳು. ಫೋಟೊದ ಹಾರ ಮಾತ್ರ ಹಬ್ಬದ್ದಲ್ಲ, ತೀರಿಹೋದವರಿಗೆ ಹಾಕಿದ್ದು ಎಂದುಕೊಂಡಳು. ಚಿಕ್ಕಣ್ಣನವರು ಎದೆನೋವೆಂದು ದಸರೆಗೂ ಮುಂಚಿನಿಂದ ಅಂಗಡಿಗೆ ಬರುತ್ತಿರಲಿಲ್ಲ, ಅವಳು ಅವರನ್ನು ಕಂಡೇ ಇರಲಿಲ್ಲ. ಹಾರ ಬಿದ್ದ ಫೋಟೊದ ಮುಂದೆ ನಿಂತು ‘ಇವರು ಇದ್ದಾರಾ’ ಎಂದು ಯಾರಾದರೂ ಕೇಳುತ್ತಾರೆಯೇ? ಹೂವಿನ ಹಾರ ಬಾಡುತ್ತದೆ, ಗಂಧದ್ದಾದರೆ ಉಳಿಯುತ್ತದೆ ಎಂದು ಅದನ್ನು ಗಂಧದ ಹಾರ ಮಾಡಿದಳು. ಕೆಂಪು ಬಲ್ಬನ್ನಂತೂ ಅವಳು ನೋಡಿದ್ದು ನಮ್ಮ ಮನೆಯಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ. ಅಲ್ಲಿಂದ ತೆಗೆದು ಇಲ್ಲಿ ಹಚ್ಚಿದ್ದಳು. ಇಲಸ್ಟ್ರೇಟರ್‌ಗಳ ಕೈ ಹೀಗೆಯೇ, ಕಂಡದ್ದರಲ್ಲಿ ಬೇಡದ್ದನ್ನು ಬಿಡುತ್ತದೆ, ಕಾಣದ್ದನ್ನು ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಅದನ್ನೇ ನಾವು ಪ್ರತಿಭೆ ಎನ್ನುತ್ತೇವೆ.

“ಬೆಳಗ್ಗಿಂದ ಬರೀ ಫೋನು ಮೇಡಂ. ಯಾವತ್ತು ಹೋದ್ರು, ನಮಗ್ಯಾಕೆ ಹೇಳ್ಲಿಲ್ಲ ಅಂತಾರೆ” ಎಂದ ಮಹದೇವು. “ಮಂಗಳವಾರ ಅವ್ರಿಗೆ ಹಾರ್ಟ್ ಆಪರೇಷನ್ನು ಅದೆ. ಇಂಥಾ ಟೈಮಲ್ಲಿ ಇದನ್ನ ಅವ್ರು ನೋಡ್ಬುಟ್ರೆ ಏನಾಗ್ಬೇಕು?”

“ಚಿತ್ರ ಈಗಲೇ ಇಳಿಸ್ತೀವಿ” ಎಂದೆ.

“ಇಳಿಸುದ್ರೂ ಕಷ್ಟ. ನಮ್ಮ ಅಂಗಡಿ ಬುಕ್ಕಲ್ಲಿ ಬಂದದೆ ಅಂತ ಅವ್ರಿಗೆ ಗೊತ್ತು. ಆಸ್ಪತ್ರೆ ಸೇರೋಕ್ಮುಂಚೆ ನೋಡ್ಲೇಬೇಕು, ಭಾನುವಾರ ಬಂದೇ ಬತ್ತೀನಿ ಅಂತ ಕುಂತವ್ರೆ. ಎಲ್ಲಿ ಅಂದ್ರೆ ಏನು ತೋರ್ಸೋದು?”

ಚಿತ್ರ ಇದ್ದರೆ ಒಂದು ಕಷ್ಟ, ಇಲ್ಲದಿದ್ದರೆ ಇನ್ನೊಂದು. ಅತ್ತ ದರಿ, ಇತ್ತ ಪುಲಿ. ಏನಾದರೂ ದಾರಿ ಹುಡುಕುತ್ತೇವೆಂದು ಹೇಳಿ ಮಹದೇವುವನ್ನು ಕಳಿಸಿದೆ. ರಕ್ಷಿತಾ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದಳು. ಬೈಸಿಕೊಂಡಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ, ಅವನು ಬೈದಿರಲಿಲ್ಲ.

“ಎಲ್ಲಾ ಇಳಿಸ್ಬುಡಿ ಮೇಡಂ, ಪುಸ್ತಕಾನೂ ಬೇಡ” ಎಂದಳು. “ಮಂಗಳವಾರ ಅವ್ರಿಗೆ ಏನಾದ್ರೂ ಆದ್ರೆ ನಾನು ಇನ್ನು ಪೆನ್ಸಿಲ್ ಮುಟ್ಟಲ್ಲ.”

ಹಾಗನ್ನಬಾರದು, ಚಿತ್ರಕ್ಕೂ ಆಪರೇಷನ್ನಿಗೂ ಏನು ಸಂಬಂಧ ಎಂದು ಬುದ್ಧಿ ಹೇಳಿದೆ. ಆದರೂ ನನಗೇ ಧೈರ್ಯವಿರಲಿಲ್ಲ. ಅವಳು ಆಡಿದ ಮಾತನ್ನು ನಡೆಸುವವಳೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವಳಂಥ ಕೈಗಳನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ.

ಟ್ರಸ್ಟಿನವರು ಒಂದು ಉಪಾಯ ಹೇಳಿದರು, ಪುಸ್ತಕದಿಂದ ಆ ಹಾಳೆಯನ್ನು ಕಿತ್ತುಬಿಡೋಣ ಎಂದು. ಅದು ಆಗದ ಮಾತು. ಪುಸ್ತಕದ ಹಾಳೆಗಳು ಜೋಡಿಜೋಡಿಯಾಗಿ ಮಡಚಿ ಹೊಲಿದವು, ಒಂದನ್ನು ಕಿತ್ತರೆ ಅದರ ಜೋಡಿಯೂ ಸಡಿಲವಾಗಿ ಉದುರುತ್ತದೆ. ನಡುಪುಟವಂತೂ ಇಡೀ ಪುಸ್ತಕದ ಬೆನ್ನು ಹಿಡಿದು ನಿಂತಿರುತ್ತದೆ. ಹಾಗಾದರೆ ಫೋಟೊ ಇರುವ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿ ಎಂದರು. ಮೊದಲು ಆ ಮನೆಯವರನ್ನು ಒಂದು ಮಾತು ಕೇಳಿಬರುತ್ತೇನೆ ಎಂದೆ.

ಶುಕ್ರವಾರ ಬೆಳಗ್ಗೆ, ಮಹದೇವು ಅಪ್ಪನನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿದ್ದ ಹೊತ್ತು ನೋಡಿ, ನಾನೂ ರಕ್ಷಿತಾಳೂ ಕುಂಬಾರಕೊಪ್ಪಲಿನ ಅವರ ಮನೆಗೆ ಹೋದೆವು. ಮಹದೇವುವಿನ ಹೆಂಡತಿ ಜಯಮ್ಮ ಕೂರಿಸಿ ಕಾಫಿ ಕೊಟ್ಟರು. ಮುಖ ಬಿಗಿದೇ ಇತ್ತು. ಸ್ಟಿಕ್ಕರಿನ ವಿಷಯ ಎತ್ತಿದ ಕೂಡಲೇ ಲೋಟ ಕೆಳಗಿಟ್ಟರು.

“ನಮ್ಮ ಮಾವನ ಮುಖಕ್ಕೆ ಚೀಟಿ ಅಂಟಿಸ್ತೀರಾ? ಅದಕ್ಕಿಂತ ಹಾರನೇ ವಾಸಿ ಕಣ್ರೀ.”

ಆಗಲಿ, ಅಂಟಿಸುವುದಿಲ್ಲ ಎಂದೆ. ಜಯಮ್ಮನಿಗೂ ಪಾಪ ಅನ್ನಿಸಿರಬೇಕು, ತಾವೇ ಮುಂದುವರಿಸಿದರು.

“ನಂದೂ ತಪ್ಪದೆ ಅನ್ನಿ. ಅವತ್ತು ಪೂಜೆಗೆ ಹೂ ಜಾಸ್ತಿ ತಂದ್ಬುಟ್ಟಿದ್ದೆ. ತಕ್ಕಡಿಗಾಯ್ತು, ಸ್ಕೂಟ್ರಿಗಾಯ್ತು, ಸ್ವಿಚ್ ಬೋರ್ಡಿಗೂ ಸಿಕ್ಕಿಸ್ದೆ. ಇನ್ನೂ ಒಂದು ಮಾರು ಉಳೀತು. ಬಿಸಾಕಕ್ಕೆ ಮನಸ್ಸಾಗ್ಲಿಲ್ಲ, ಮಾವನ ಫೋಟೊಗೂ ಹಾಕ್ಬುಟ್ಟೆ. ಹಬ್ಬದ ದಿನ ಎಲ್ಲದಕ್ಕೂ ಹೂವಿದ್ರೆ ಯಾರು ಏನಂತಾರೆ?”

ರಕ್ಷಿತಾ ತಲೆಯೆತ್ತಿದಳು. ಹಿಂದಿನ ದಿನದಿಂದ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

“ಹಾರ ತೆಗೆಯಕ್ಕಾಗಲ್ಲ ಮೇಡಂ” ಎಂದಳು ನನಗೆ. “ಆದ್ರೆ ಹೂ ಹಾಕಬಹುದಲ್ಲ. ಎಲ್ಲದಕ್ಕೂ ಹಾಕ್ಬುಡ್ತೀನಿ.”

ಅವಳ ಮಾತು ಅರ್ಥವಾಗಲು ನನಗೆ ತುಸು ಹೊತ್ತು ಹಿಡಿಯಿತು. ಇಲ್ಲಿ ಬಣ್ಣದ ವಿಷಯ ಸ್ವಲ್ಪ ಹೇಳಬೇಕು. ಮೂಲ ಚಿತ್ರವನ್ನು ಅವಳು ಬರೆದದ್ದು ವಾಟರ್ ಕಲರಿನಲ್ಲಿ. ಅದು ಪಾರದರ್ಶಕ, ಕಾಗದಕ್ಕೆ ಇಳಿದ ಮೇಲೆ ಅಳಿಸಲಾಗದು, ಒಂದರ ಮೇಲೊಂದು ಬಳಿದರೆ ಕೆಳಗಿನದು ಕಾಣುತ್ತಲೇ ಇರುತ್ತದೆ. ಪೋಸ್ಟರ್ ಕಲರ್ ಹಾಗಲ್ಲ, ಗಟ್ಟಿ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಅದರಿಂದ ಹಾರವನ್ನೇ ಮರೆಸಹೊರಟರೆ ಫೋಟೊದ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ, ಆದರೆ ಗಂಧದ ಹಾರದ ಮೇಲೆ ಹಳದಿ ಚೆಂಡುಹೂ ಕೂರಿಸಬಹುದು. ತಕ್ಕಡಿಗೆ, ಸರಪಣಿಗೆ, ಸ್ವಿಚ್ ಬೋರ್ಡಿಗೆ, ಕ್ಯಾಲೆಂಡರಿಗೆ ಹೂ ಏರಿಸಬಹುದು. ಒಂಟಿ ಕೆಂಪು ಬಲ್ಬಿನ ಪಕ್ಕ ಹಸಿರು, ನೀಲಿ ಬಲ್ಬು ಸೇರಿಸಿದರೆ ಅದು ಹಬ್ಬದ ಸೀರಿಯಲ್ ಸೆಟ್ ಆಗುತ್ತದೆ. ಗೋಡೆ ಮತ್ತೆ ಆಯುಧಪೂಜೆಯ ಗೋಡೆಯಾಗುತ್ತದೆ, ಅವಳು ಅಂದು ಕಣ್ಣಾರೆ ಕಂಡದ್ದೂ ಅದೇ.

ಒಂದು ಚಿತ್ರವಾದರೆ ಸರಿ, ಮುನ್ನೂರು ಪುಸ್ತಕಗಳನ್ನು ಏನು ಮಾಡುವುದು? ಮರುಮುದ್ರಣಕ್ಕೆ ಸಮಯವಿರಲಿಲ್ಲ. ಪುಣ್ಯಕ್ಕೆ ನಾವು ನುಣುಪಿನ ಆರ್ಟ್ ಪೇಪರ್ ಬಳಸಿರಲಿಲ್ಲ, ಬಣ್ಣ ಹೀರುವ ಒರಟು ಕಾಗದ ಬಳಸಿದ್ದೆವು. ನಾನು ಉಳಿದ ನಾಲ್ವರಿಗೂ ಫೋನ್ ಮಾಡಿದೆ. ಪ್ರದರ್ಶನಕ್ಕೆ ಎರಡೇ ದಿನ, ಪ್ರತಿಯೊಬ್ಬರಿಗೂ ಅವರವರ ಚಿತ್ರದ ಚಿಂತೆ. ಬರುವುದಿಲ್ಲವೆಂದರೆ ಯಾರನ್ನೂ ದೂರುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಕುಂಚ ಹಿಡಿದು ಹಾಲ್‌ಗೆ ಬಂದರು.

ನೆಲದ ಮೇಲೆ ಚಾಪೆ ಹಾಸಿ ಸಾಲಾಗಿ ಕೂತು, ಶುಕ್ರವಾರದ ಉಳಿದ ಹೊತ್ತು, ಶನಿವಾರ ಇಡೀ ಹಗಲು ಪುಸ್ತಕ ಪುಸ್ತಕಕ್ಕೂ ಹೂ ಬರೆದರು. ನನ್ನ ಕೆಲಸ ಒಣಗಿದ್ದನ್ನು ನೋಡಿ ಎತ್ತಿಡುವುದು. ಹಾಗೆ ಎತ್ತಿಡುವಾಗ ಒಂದು ಸಂಗತಿ ಕಂಡೆ. ಪಠ್ಯಪುಸ್ತಕದವರ ಚೆಂಡುಹೂವಿನಲ್ಲಿ ಎಸಳಿನ ಸುತ್ತುಗಳು ಲೆಕ್ಕ ತಪ್ಪದೆ ಇದ್ದವು. ಕಾಮಿಕ್ಸಿನವನ ಹೂಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಪಾತ್ರೆಯ ಕಥೆಯಾಕೆ ಹೂವನ್ನು ನಿಜವಾಗಿಯೂ ದಾರಕ್ಕೆ ಕಟ್ಟಿದಂತೆ ಗಂಟು ಸಮೇತ ಬರೆದರು. ಮರದವನು ಹೂವಿಗಿಂತ ನಡುವಿನ ಎಲೆಗೇ ಹೆಚ್ಚು ಹೊತ್ತು ಕೊಟ್ಟ. ಕೈ ನೋಡಿದರೆ ಯಾರದೆಂದು ಹೇಳಬಹುದಿತ್ತು. ಯಾರ ಹೆಸರೂ ಇಲ್ಲದ ಆ ಹೂಗಳನ್ನು ಅವರು ತಮ್ಮ ಸ್ವಂತ ಚಿತ್ರದಷ್ಟೇ ನಿಗಾ ಇಟ್ಟು ಬರೆದರು. ನಾನು ಇನ್ನೊಂದು ಕಟ್ಟು ಬಿಚ್ಚಿದೆ.

ಭಾನುವಾರ ಚಿಕ್ಕಣ್ಣನವರು ಆಟೋದಿಂದ ಇಳಿದು, ಮಗನ ಹೆಗಲು ಹಿಡಿದು ನಿಧಾನವಾಗಿ ಒಳಗೆ ಬಂದರು. ಬಿಳಿ ಪಂಚೆ, ಕೈಯಲ್ಲಿ ಕೋಲು, ಮಾತಿಗೆ ಮುಂಚೆ ಒಮ್ಮೆ ಕೆಮ್ಮುವ ಅಭ್ಯಾಸ. ಚಿತ್ರದ ಮುಂದೆ ಕುರ್ಚಿ ಹಾಕಿಸಿ ಕೂರಿಸಿದೆವು. ಅವರು ಕನ್ನಡಕ ಒರೆಸಿ ಹಾಕಿಕೊಂಡು ಗೋಡೆಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ರಕ್ಷಿತಾ ನನ್ನ ಮೊಣಕೈ ಹಿಡಿದುಕೊಂಡಿದ್ದಳು.

“ನೀನೇನವ್ವ ಬರ್ದಿದ್ದು?” ಎಂದರು.

“ಹೂಂ ತಾತ.”

“ಹಬ್ಬದ ಕಳೆ ಬಂದದೆ. ಕಾರ್ಡ್‌ನಲ್ಲಿ ಇಷ್ಟು ಹೂವಿರ್ಲಿಲ್ಲ.”

ಮಹದೇವುವಿನ ಮುಖ ಬಿಳಚಿಕೊಂಡಿತು. ಕಾರ್ಡು ನಿಮಗೆಲ್ಲಿ ಸಿಕ್ತು ಎಂದು ತೊದಲಿದ.

“ಬನ್ನೂರು ಬೀಗರು ನನ್ನ ಫೋನಿಗೇ ಮಾಡಿದ್ರು ಕಣೋ. ಚಿಕ್ಕಣ್ಣ ಹೋಗ್ಬುಟ್ರಂತಲ್ಲ ಅಂದ್ರು. ಹೂಂ ಕಣಪ್ಪ, ಹೋಗ್ಬುಟ್ರು, ತಿಥಿಗೆ ಬಂದ್ಬುಡಿ ಅಂದೆ. ಆಮೇಲೆ ಪಕ್ಕದ್ಮನೆ ಹುಡುಗಿ ಹತ್ರ ಈಸ್ಕೊಂಡು ನೋಡ್ದೆ.”

ಸುತ್ತ ನಿಂತವರು ನಕ್ಕರು. ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡೇ ನಕ್ಕರು. ನಗದೆ ಉಳಿದವಳು ರಕ್ಷಿತಾ ಒಬ್ಬಳೇ. ಮುದುಕರಿಗೆ ಅಪಶಕುನದ ಭಯವಿರಲಿಲ್ಲ, ಆ ಭಯವೆಲ್ಲ ಬಂದು ಅವಳ ತಲೆಯ ಮೇಲೆ ಕೂತಿತ್ತು. ಪುಸ್ತಕಗಳು ಸಂಜೆಯೊಳಗೆ ಬಹುಪಾಲು ಹೋದವು, ಜನ ಬಂದು ಅವಳ ಕೈ ಕುಲುಕಿದರು. ಅವಳು ಎಲ್ಲರಿಗೂ ತಲೆಯಾಡಿಸಿದಳು, ಕಣ್ಣು ಮಾತ್ರ ಚಿಕ್ಕಣ್ಣನವರು ಕೂತೆದ್ದುಹೋದ ಕುರ್ಚಿಯ ಮೇಲೆಯೇ ಇತ್ತು.

ಮಂಗಳವಾರ ಆಸ್ಪತ್ರೆಗೆ ಹೋಗುತ್ತೇನೆಂದು ಹಟ ಹಿಡಿದಳು. ಒಬ್ಬಳನ್ನೇ ಕಳಿಸಲು ಧೈರ್ಯವಾಗದೆ ನಾನೂ ಹೋದೆ. ಕಾರಿಡಾರಿನಲ್ಲಿ ಅವರ ನೆಂಟರು ತುಂಬಿದ್ದರು. ‘ಇವಳೇ ಹಾರ ಬರ್ದೋಳು’ ಎಂದು ಯಾರೋ ಪಿಸುಗುಟ್ಟಿದ್ದು ನಮಗೂ ಕೇಳಿಸಿತು. ಮಧ್ಯಾಹ್ನಕ್ಕೆಲ್ಲ ಮುಗಿಯುತ್ತದೆ ಎಂದಿದ್ದರು, ಮುಗಿಯಲಿಲ್ಲ. ರಕ್ತಸ್ರಾವ ನಿಲ್ಲುತ್ತಿಲ್ಲ, ಇನ್ನೂ ಹೊತ್ತಾಗಬಹುದು ಎಂದು ನರ್ಸ್ ಬಂದು ಹೇಳಿಹೋದರು. ಆಗ ಎಲ್ಲರ ಕಣ್ಣೂ ಒಮ್ಮೆ ನಮ್ಮ ಕಡೆ ತಿರುಗಿತು. ನಾನು ಬ್ಯಾಗಿನೊಳಗೇ ಜಪಸರದ ಮಣಿ ಎಣಿಸುತ್ತಿದ್ದೆ, ಎಣಿಕೆ ತಪ್ಪಿ ಮತ್ತೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಹೂ ಬರೆದು ನಾವು ಚಿತ್ರವನ್ನಷ್ಟೇ ಸರಿಮಾಡಿದ್ದೆವು. ಒಳಗೆ ಟೇಬಲ್ಲಿನ ಮೇಲೆ ಮಲಗಿದ್ದ ಹೃದಯಕ್ಕೆ ಆ ಹೂವಿನಿಂದ ಆಗುವುದೇನೂ ಇರಲಿಲ್ಲ. ಆ ಹೃದಯ ನಿಂತರೆ ಈ ಹುಡುಗಿಯ ಕೈಯೂ ನಿಲ್ಲುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಜಯಮ್ಮ ನೆಂಟರ ನಡುವಿನಿಂದ ಎದ್ದು ಬಂದು ರಕ್ಷಿತಾಳ ಪಕ್ಕದಲ್ಲಿ ಕೂತರು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳ ಕೈಗೆ ಕೊಟ್ಟು, “ಕುಡಿ ಕಣವ್ವ. ನೀನು ಉಪವಾಸ ಬಿದ್ರೆ ಅವ್ರು ಬೇಗ ಎದ್ದು ಬರಲ್ಲ” ಎಂದರು. ಆಮೇಲೆ ಯಾರೂ ಪಿಸುಗುಟ್ಟಲಿಲ್ಲ.

ಸಂಜೆಯಾದ ಮೇಲೆ ಡಾಕ್ಟರು ಹೊರಬಂದು, ಆಪರೇಷನ್ ಆಗಿದೆ, ಇನ್ನೂ ಕೆಲವು ದಿನ ಏನೂ ಹೇಳುವಂತಿಲ್ಲ ಎಂದರು. ಆ ಕೆಲವು ದಿನಗಳಲ್ಲಿ ನನ್ನ ಫೋನ್ ಹೊಡೆದುಕೊಂಡಾಗಲೆಲ್ಲ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕೊನೆಗೊಂದು ದಿನ ಮಹದೇವು ಫೋನ್ ಮಾಡಿ, ಅಪ್ಪ ಆಸ್ಪತ್ರೆಯ ಉಪ್ಪಿಟ್ಟು ಚೆನ್ನಾಗಿಲ್ಲವೆಂದು ಗಲಾಟೆ ಮಾಡುತ್ತಿದ್ದಾರೆ ಎಂದ. ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತು ಅತ್ತೆ.

ರಕ್ಷಿತಾ ಮಾತ್ರ ಚಿತ್ರ ಬರೆಯಲಿಲ್ಲ. ಫ್ಲೆಕ್ಸ್ ಅಂಗಡಿಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಳು, ಅಷ್ಟೇ. ಕೇಳಿದರೆ ಟೈಮಿಲ್ಲ ಮೇಡಂ ಎನ್ನುತ್ತಿದ್ದಳು. ಯುಗಾದಿ ಕಳೆದ ಮೇಲೆ ಚಿಕ್ಕಣ್ಣನವರು ಮತ್ತೆ ಅಂಗಡಿಗೆ ಬರತೊಡಗಿದರು. ಬಂದವರೇ ಆ ಹುಡುಗಿಯನ್ನು ಕರೆಸು ಎಂದರಂತೆ. ನಾನೇ ಅವಳನ್ನು ಕರೆದುಕೊಂಡು ಹೋದೆ. ಅವರು ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತಿದ್ದರು, ಶರಟಿನ ಮೇಲಿನ ಗುಂಡಿಗಳು ಬಿಚ್ಚಿದ್ದವು, ಎದೆಯ ಮೇಲೆ ಹೊಲಿಗೆಯ ಗುರುತು ಕಾಣುತ್ತಿತ್ತು.

“ಅವತ್ತು ಫೋಟೊ ನೋಡ್ಕಂಡು ಬರ್ದೆ. ಇವತ್ತು ನನ್ನ ನೋಡ್ಕಂಡು ಬರಿ” ಎಂದರು.

ಅವಳು ಹಾಳೆ ತೊಡೆಯ ಮೇಲಿಟ್ಟುಕೊಂಡಳು. ಪೆನ್ಸಿಲು ಕಾಗದ ಮುಟ್ಟಿ ಹಿಂದಕ್ಕೆ ಬಂತು. ಮತ್ತೆ ಮುಟ್ಟಿತು, ಮತ್ತೆ ಹಿಂದಕ್ಕೆ ಬಂತು.

“ಕೈ ನಡುಗ್ತದೆ ತಾತ.”

“ನಡುಗ್ಲಿ ಬುಡು. ನಂದೂ ನಡುಗ್ತದೆ. ನಿಂತೋಗಿಲ್ವಲ್ಲ ಇಬ್ರುದೂವೆ.”

ಅವಳು ಬರೆದಳು. ಚಿಕ್ಕಣ್ಣನವರು ಒಂದು ಗಳಿಗೆ ಸುಮ್ಮನೆ ಕೂರಲಿಲ್ಲ. ಗಿರಾಕಿ ಬಂದರೆ ಮಾತಾಡಿದರು, ಮಗನನ್ನು ಗದರಿದರು, ನೀರು ಕೇಳಿದರು, ಭುಜ ಕೆರೆದುಕೊಂಡರು. ಅವರು ಅಲುಗಾಡಿದಾಗಲೆಲ್ಲ ಅವಳು ಗೆರೆ ಅಳಿಸಿ ಮತ್ತೆ ಬರೆದಳು. ತಾತ, ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ ಎಂದು ಒಂದು ಸಲ ರೇಗಿಯೂಬಿಟ್ಟಳು. ಆ ರೇಗು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡ ಸಿದ್ಧಾಂತವೇನಲ್ಲ. ಈಗ ಯಾವ ಹೊಸ ಇಲಸ್ಟ್ರೇಟರ್ ಬಂದರೂ ಗೆರೆ, ಬಣ್ಣ ಆಮೇಲೆ ನೋಡುತ್ತೇನೆ. ಚಿತ್ರದಲ್ಲಿ ಯಾರದ್ದೋ ಮನೆಯೋ ಅಂಗಡಿಯೋ ಇದ್ದರೆ, ಅವರನ್ನು ಮಾತಾಡಿಸಿದೆಯಾ ಎಂದು ಮೊದಲು ಕೇಳುತ್ತೇನೆ. ಇಲ್ಲವೆಂದರೆ, ಹೋಗಿ ಒಂದು ಕಾಫಿ ಕುಡಿದು ಬಾ ಎಂದು ವಾಪಸ್ ಕಳಿಸುತ್ತೇನೆ. ಕೆಲವರಿಗೆ ನಾನು ಕಿರಿಕಿರಿಯ ಮುದುಕಿ, ಇರಲಿ. ದೇವರಾಜ ಮೊಹಲ್ಲಾಕ್ಕೆ ಏನು ಕೆಲಸಕ್ಕೆ ಹೋದರೂ ಆ ತಕ್ಕಡಿ ಅಂಗಡಿಯೊಳಗೆ ಒಮ್ಮೆ ಇಣುಕುತ್ತೇನೆ. ಸ್ಟೂಲಿನ ಮೇಲೆ ಚಿಕ್ಕಣ್ಣನವರು ಕಂಡರೆ ಮಾತ್ರ ನನ್ನ ಕಾಲು ಮುಂದಕ್ಕೆ ಹೋಗುತ್ತದೆ.